ನಮ್ಮ ಮನೆಯ ಸಾಲು

ಕಾರವಾರದ ನಮ್ಮ ಬೀದಿಗೆ ಬೆಳಿಗ್ಗೆ ಏಳೂವರೆಗೆ ಕಸದ ಗಾಡಿ ಬರುತ್ತದೆ. ಗಾಡಿ ಕಾಣುವ ಮೊದಲೇ ಅದರ ಹಾಡು ತಿರುವಿನಲ್ಲಿ ಕೇಳಿಸುತ್ತದೆ. ಹಸಿ ಕಸ ಬೇರೆ ಇಡಿ, ಒಣ ಕಸ ಬೇರೆ ಇಡಿ ಎಂದು ಯಾರೋ ಹೆಂಗಸು ಮದುವೆಮನೆಯ ಉತ್ಸಾಹದಲ್ಲಿ ಹಾಡುತ್ತಾಳೆ. ಆ ದನಿ ಹತ್ತಿರ ಬಂದಂತೆ ಒಂದೊಂದೇ ಗೇಟು ಕಿರ್ರೆನ್ನುತ್ತದೆ, ಒಂದೊಂದೇ ಮನೆಯಿಂದ ಬಕೆಟ್ಟು ಹಿಡಿದವರು ಹೊರಗೆ ಬರುತ್ತಾರೆ. ಮೊದಲು ಮೂಲೆಮನೆಯವರು, ಆಮೇಲೆ ಬ್ಯಾಂಕಿನವರು, ಆಮೇಲೆ ನಾವು. ಗಾಡಿ ಹೋದ ಮೇಲೂ ಆ ಹಾಡು ನನ್ನ ತಲೆಯೊಳಗೆ ಕೂತಿರುತ್ತದೆ. ಅನ್ನಕ್ಕಿಡುವಾಗ ಅದೇ, ಸೀರೆಯ ನೆರಿಗೆ ಹಿಡಿಯುವಾಗ ಅದೇ, ಕಚೇರಿಗಳ ಎದುರಿನ ನಮ್ಮ ಟೈಪಿಂಗ್ ಅಂಗಡಿಯಲ್ಲಿ ಕೂತು ಯಾರದೋ ಪಹಣಿ ಅರ್ಜಿ ಬಡಿಯುವಾಗಲೂ ಅದೇ. ಕಸದ ಹಾಡನ್ನು ಇಷ್ಟು ಶ್ರದ್ಧೆಯಿಂದ ಗುನುಗುವ ಇನ್ನೊಂದು ಪ್ರಾಣಿ ಈ ಜಿಲ್ಲೆಯಲ್ಲಿ ಇರಲಾರದು ಎಂದು ನನ್ನನ್ನು ನಾನೇ ಬೈದುಕೊಂಡದ್ದಿದೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ವಿಚಿತ್ರವಾಯಿತು. ಟೈಪ್ ಮಾಡುತ್ತಿದ್ದಂತೆ ಕಸದ ಹಾಡಿನ ಕೆಳಗಿನಿಂದ ಬೇರೆ ಯಾವುದೋ ಹಾಡು ಮೆಲ್ಲನೆ ಮೇಲೆದ್ದಿತು. ಅದಕ್ಕೆ ರಾಗವೆಂಬುದು ಹೆಚ್ಚಿರಲಿಲ್ಲ. ಖಾಲಿ ಚಿಮಣಿ ಎಣ್ಣೆಯ ಡಬ್ಬಿಗೆ ಕೋಲಿನಿಂದ ಬಡಿದ ನಾಲ್ಕು ಪೆಟ್ಟು, ಅದರ ಮೇಲೆ ಒರಟು ಗಂಡುದನಿಯ ಒಂದು ಸಾಲು. ಮತ್ತೆ ನಾಲ್ಕು ಪೆಟ್ಟು, ಮತ್ತೊಂದು ಸಾಲು. ಹಸಿ ತೆಂಗಿನ ನಾರಿನ ಹಗ್ಗದ ವಾಸನೆ, ಒಣಗಲು ಹಾಕಿದ ತಾರ್ಲೆ ಮೀನಿನ ವಾಸನೆ, ನಮ್ಮಜ್ಜಿ ಜಗಿಯುತ್ತಿದ್ದ ಎಲೆಯಡಿಕೆ ಕವಳದ ಹೊಗೆಸೊಪ್ಪಿನ ಘಾಟು ಎಲ್ಲವೂ ಅದರ ಹಿಂದೆಯೇ ಬಂದವು. ಅರ್ಜಿಯಲ್ಲಿ ಸರ್ವೆ ನಂಬರಿನ ಬದಲು ‘ಒಲೆ ಆರ್ಸಿ ಬಾ’ ಎಂದು ಟೈಪ್ ಮಾಡಿಬಿಟ್ಟಿದ್ದೆ. ಪಕ್ಕದ ಕಂಪ್ಯೂಟರಿನ ದೀಪಾ ಬಗ್ಗಿ ನೋಡಿ ನಗಾಡಿದಳು.

ಅದು ನಮ್ಮೂರಿನ ಕರೆಯ ಹಾಡು. ನಮ್ಮೂರು ಎಂದರೆ ಕಾರವಾರಕ್ಕೂ ಅಂಕೋಲೆಗೂ ನಡುವೆ ಇದ್ದ ಒಂದು ತುಂಡು ದಂಡೆ, ಅದರ ಹಿಂದೆ ಇಪ್ಪತ್ತು ಮೀನುಗಾರ ಮನೆಗಳ ಕೇರಿ. ಈಗ ಅದು ನೌಕಾನೆಲೆಯ ಗೋಡೆಯ ಆಚೆಗಿದೆ. ಅಂಕೋಲೆ ಬಸ್ಸಿನಲ್ಲಿ ಕೂತರೆ ಗೋಡೆ ಕಾಣುತ್ತದೆ, ಕೆಲವು ಕಡೆ ಗೋಡೆಯ ಮೇಲೆ ತೆಂಗಿನ ತಲೆಗಳು ಕಾಣುತ್ತವೆ, ಅಷ್ಟೆ. ನಾನು ಚಿಕ್ಕವಳಿದ್ದಾಗ ಅಲ್ಲಿ ರಂಪಣಿ ಇತ್ತು. ಊರಿಗೆಲ್ಲ ಸೇರಿ ಒಂದೇ ದೊಡ್ಡ ಬಲೆ. ಸಮುದ್ರದಲ್ಲಿ ಬಂಗಡೆಯ ಹಿಂಡು ಬಂದು ನೀರು ಕಪ್ಪಗೆ ತಿರುಗಿದ್ದು ಕಂಡರೆ ದೋಣಿ ಹೋಗಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು ಬರುತ್ತಿತ್ತು. ಅದರ ಎರಡೂ ತುದಿಯ ಹಗ್ಗವನ್ನು ದಂಡೆಯ ಮೇಲೆ ನಿಂತು ಎಳೆಯಲು ಮನೆಗೊಬ್ಬರಾದರೂ ಬೇಕು. ಗಂಡಸರಿಲ್ಲದ ಹೊತ್ತಿನಲ್ಲಿ ಹೆಂಗಸರೂ ಸೀರೆ ಎತ್ತಿ ಕಟ್ಟಿ ಹಗ್ಗ ಹಿಡಿಯುತ್ತಿದ್ದರು. ಹಗ್ಗ ಹಿಡಿದ ಮನೆಗೆ ಮೀನಿನ ಪಾಲು. ಜನ ಕೂಡಿಸುವ ಕೆಲಸ ಪುರ್ಸಜ್ಜನದು. ಅವನು ಡಬ್ಬಿ ಬಡಿಯುತ್ತ ಕೇರಿಯ ಉತ್ತರದ ತುದಿಯಿಂದ ಓಡುನಡಿಗೆಯಲ್ಲಿ ಬರುತ್ತಿದ್ದ. ಒಂದೊಂದು ಮನೆಗೂ ಅವನಲ್ಲಿ ಒಂದೊಂದು ಸಾಲು ಇತ್ತು.

*ಹಲಸಿನಡಿಯ ನಾಗಮ್ಮ, ಒಲೆ ಆರ್ಸಿ ಬಾ.*
*ಎರಡು ಬಾಗ್ಲ ಮಾದೇವ, ಒಂದು ಹಾಕಿ ಬಾ.*
*ಕುಂಟು ನಾಯಿ ಸಣ್ತಮ್ಮ, ನಾಯಿ ಬಿಟ್ಟು ಬಾ.*

ಮನೆಯವರ ಕುಂದುಕೊರತೆಯನ್ನೆಲ್ಲ ಹೀಗೆ ಬೀದಿಯಲ್ಲಿ ಹಾಡಿಸಿಕೊಳ್ಳುವುದು ನಮ್ಮ ಕೇರಿಯಲ್ಲಿ ಮರ್ಯಾದೆಯ ವಿಷಯವಾಗಿತ್ತು. ಮಾದೇವಣ್ಣ ತಮ್ಮನ ಮೇಲಿನ ಸಿಟ್ಟಿಗೆ ಒಂದೇ ಜಗಲಿಗೆ ಎರಡು ಬಾಗಿಲು ಇಡಿಸಿದ್ದ. ಮುಂದೆ ಅಣ್ಣತಮ್ಮ ಒಂದಾದರೂ ಎರಡನೆಯ ಬಾಗಿಲು ಹಾಡಿನಲ್ಲಿ ಉಳಿದುಕೊಂಡಿತು. ಸಣ್ತಮ್ಮನ ಕುಂಟು ನಾಯಿ ಸತ್ತು, ಅದರ ಮರಿಗೆ ನಾಲ್ಕು ಕಾಲೂ ನೆಟ್ಟಗಿದ್ದರೂ ಅವನು ಕುಂಟು ನಾಯಿ ಸಣ್ತಮ್ಮನೇ. ಇದಕ್ಕೆ ಇನ್ನೊಂದು ಕಟ್ಟಳೆ ಇತ್ತು. ಸಾಲು ಮುಗಿಯುವ ಮೊದಲೇ ಆ ಮನೆಯವರು ಒಳಗಿನಿಂದ ‘ಬಂದ್ವೋ!’ ಎಂದು ಕೂಗಬೇಕು. ಪೂರ್ತಿ ಸಾಲು ಹಾಡಿಸಿಕೊಂಡ ಮನೆಯೆಂದರೆ ಸೋಮಾರಿಗಳ ಮನೆ, ದಂಡೆಯಲ್ಲಿ ಆ ದಿನವಿಡೀ ಅವರಿಗೆ ತಮಾಷೆಯ ಏಟು. ಹಾಗಾಗಿ ಎಲ್ಲರೂ ಗಂಟಲು ಹರಿಯುವಂತೆ ಕೂಗುವವರೇ.

ನಮ್ಮ ಮನೆಯಲ್ಲಿ ಆ ಕೆಲಸ ಅಜ್ಜಿಯದು. ಅಪ್ಪನ ತಾಯಿ ಬೀರಮ್ಮಜ್ಜಿ ಬಗ್ಗಿದ ಮೈಯ, ಸಣ್ಣ ಎಲುಬಿನ ಹೆಂಗಸು. ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಬಾಯಲ್ಲಿ ಕವಳ. ಡಬ್ಬಿಯ ಸದ್ದು ಕೇರಿಯ ಆ ತುದಿಯಲ್ಲಿ ಎದ್ದ ಕೂಡಲೇ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಒಂದು ಕಾಲು ಹೊಸ್ತಿಲಾಚೆ ಇಟ್ಟು ನಿಲ್ಲುತ್ತಿದ್ದಳು. ನಾನು ಅವಳ ಸೆರಗಿನ ಪಕ್ಕ. ನಾಗಮ್ಮನವರ ‘ಬಂದ್ವೋ’ ಆಯಿತು, ಮಾದೇವಣ್ಣನದಾಯಿತು, ಸಣ್ತಮ್ಮನದು ಏಳುವ ಹೊತ್ತಿಗೆ ಅಜ್ಜಿ ಅಂಗಳದ ತುಂಬೆಗಿಡದ ಬುಡಕ್ಕೆ ಕವಳವನ್ನು ಪಚಕ್ಕೆಂದು ಉಗಿದು, ಪುರ್ಸಜ್ಜ ನಮ್ಮ ಸಾಲಿಗೆ ಬಾಯಿ ತೆರೆಯುವ ಮೊದಲೇ ‘ಬಂದ್ವೋ!’ ಎಂದುಬಿಡುತ್ತಿದ್ದಳು. ಅವಳ ಹಿಂದೆ ಆಯಿ, ಅಂದರೆ ನನ್ನಮ್ಮ, ಅಡುಗೆಮನೆಯಿಂದ, ನಾನು ಪಕ್ಕದಿಂದ. ಮೂವರ ಕೂಗಿಗೆ ತೆಂಗಿನ ಮಡಲಿನ ಮಾಡಿನ ಮೇಲಿದ್ದ ಕಾಗೆಗಳು ಹಾರಿಹೋಗುತ್ತಿದ್ದವು. ಕೇರಿಯಲ್ಲಿ ಎಲ್ಲರಿಗಿಂತ ಚುರುಕಿನ ಮನೆ ನಮ್ಮದು ಎಂಬ ಜಂಬ ನನಗಿತ್ತು. ಈಗಲೂ ಸ್ವಲ್ಪ ಇದೆ.

ತಲೆಯಲ್ಲಿ ಕೂತ ಹಾಡು ದಿನವಿಡೀ ಸುತ್ತತೊಡಗಿದಾಗ ದೀಪಾ ಒಂದು ಉಪಾಯ ಹೇಳಿದಳು. “ಮೇಡಂ, ಹಾಡು ಅರ್ಧಕ್ಕೆ ನಿಂತ್ರೇ ಹಂಗೆ ಕಾಟ ಕೊಡೂದು. ಒಂದ್ಸಲ ಕೊನೆತನಕ ಹಾಡಿಬಿಡಿ, ಅದ್ರಷ್ಟಕ್ಕೆ ಹೋಗ್ತದೆ.” ಇದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ, ಆದರೆ ಮಾಡಿ ನೋಡಬಹುದು ಎನ್ನಿಸಿತು. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತು ಮೊದಲಿನಿಂದ ಶುರು ಮಾಡಿದೆ. ನಾಗಮ್ಮ ಬಂದಳು, ಮಾದೇವಣ್ಣ ಬಂದ, ಸಣ್ತಮ್ಮ ಬಂದ. ಆಮೇಲೆ ನಾಲ್ಕು ಪೆಟ್ಟು ಡಬ್ಬಿ. ಅದರ ಮೇಲೆ ಮಾತಿಲ್ಲ. ಮತ್ತೆ *ಬಾವಿಕಟ್ಟೆ ಗಣಪಣ್ಣ, ಕೊಡ ಇಳ್ಸಿ ಬಾ.* ಗಣಪಣ್ಣನ ಮನೆ ನಮ್ಮ ಮನೆಯ ಮುಂದಿನದು. ಅಂದರೆ ಬರೀ ಡಬ್ಬಿ ಸದ್ದು ಇರುವ ಜಾಗದಲ್ಲಿ ಇರಬೇಕಾದದ್ದು ನಮ್ಮ ಮನೆ. ಎಷ್ಟು ಸಲ ಹಾಡಿದರೂ ಅಲ್ಲಿ ಗಾಡಿ ಗುಂಡಿಗೆ ಬಿದ್ದಂತೆ ಒಂದು ಏಟು, ಮತ್ತೆ ಮೊದಲಿನಿಂದ ಶುರು. ಊರಿನ ಹತ್ತೊಂಬತ್ತು ಮನೆಯ ಸಾಲು ನನಗೆ ಬಾಯಿಪಾಠ, ನನ್ನ ಮನೆಯದು ಒಂದು ಅಕ್ಷರವೂ ಗೊತ್ತಿಲ್ಲ.

ಇದು ಬರೀ ಕುತೂಹಲವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ನಮ್ಮ ಮನೆಯ ಸಾಲಿಗೆ ಒಂದು ಹಳೆಯ ನೋವು ಅಂಟಿಕೊಂಡಿತ್ತು. ನನಗೆ ಎಂಟು ವರ್ಷವಾಗಿದ್ದಾಗ ಅಪ್ಪ ರಂಪಣಿ ಬಿಟ್ಟು ಕಾರವಾರದ ಬಂದರಿಗೆ ಹೋಗಿ ಮಶಿನ್ ಬೋಟು ಹತ್ತಿದ. ಅಪ್ಪನಿಗೆ ಇಂಜಿನ್ನಿನ ಹುಚ್ಚು. ಯಾವ ಇಂಜಿನ್ನು ಎಲ್ಲಿ ಬಡಿದುಕೊಂಡರೂ ಕಿವಿ ಕೊಟ್ಟು ನಿಲ್ಲುವ ಜಾತಿ. ಊರಿನವರಿಗೆ ಅದು ಬರೀ ಹುಚ್ಚಾಗಿ ಕಾಣಲಿಲ್ಲ. ಮಶಿನ್ ಬೋಟುಗಳು ಹಿಂಡನ್ನು ನಡುನೀರಿನಲ್ಲೇ ಬಳಿದುಕೊಂಡು ಹೋಗುತ್ತವೆ, ದಂಡೆಗೆ ಮೀನು ಬರುವುದೇ ಇಲ್ಲ ಎಂದು ಎಲ್ಲರ ಹೊಟ್ಟೆ ಉರಿಯುತ್ತಿದ್ದ ಕಾಲ ಅದು. ಆ ಹಂಗಾಮಿನ ಮೊದಲ ಬಲೆಯ ದಿನ ಡಬ್ಬಿ ಸದ್ದು ಎದ್ದಿತು. ಅಜ್ಜಿ ಹೊಸ್ತಿಲಿಗೆ ಬಂದು ನಿಂತಳು. ಸಣ್ತಮ್ಮನ ಮನೆಯಾಯಿತು. ಆ ದಿನ ಯಾಕೋ ಅವಳು ಬಾಯಿಯಲ್ಲಿದ್ದ ಕವಳವನ್ನು ಉಗಿಯಲಿಲ್ಲ, ಕಾದಳು. ಪುರ್ಸಜ್ಜ ನಮ್ಮ ಅಂಗಳದ ಎದುರು ತಲೆ ತಗ್ಗಿಸಿ ನಡೆದುಹೋದ. ನಾಲ್ಕು ಪೆಟ್ಟು. ಆಮೇಲೆ ಬಾವಿಕಟ್ಟೆ ಗಣಪಣ್ಣ. ಆಯಿ ಒಳಗಿನಿಂದ ಬಂದು ಬಾಗಿಲು ಹಾಕಿದಳು. ಆ ಬಾಗಿಲಿನ ಅಗಳಿ ಬಿದ್ದ ಸದ್ದು ನನಗೆ ಈಗಲೂ ಸರಿಯಾಗಿ ನೆನಪಿದೆ.

ಆ ಹಂಗಾಮು ಮುಗಿಯುವುದರೊಳಗೆ ಅಜ್ಜಿ ತೀರಿಕೊಂಡಳು, ನಾವು ಕಾರವಾರಕ್ಕೆ ಬಾಡಿಗೆ ಮನೆಗೆ ಬಂದೆವು. ಮುಂದೆ ಎಷ್ಟೋ ವರ್ಷದ ಮೇಲೆ ನೌಕಾನೆಲೆಗಾಗಿ ಊರೇ ಎದ್ದಿತು, ಜನ ಅಂಕೋಲೆ ಕಡೆಯ ಪುನರ್ವಸತಿ ಕಾಲನಿಗೆ ಹೋದರು. ಅಲ್ಲಿಂದ ಮದುವೆಯ ಕಾಗದ ಬರುತ್ತಿತ್ತು, ಬಾಳಂತಿಯ ಸುದ್ದಿ ಬರುತ್ತಿತ್ತು. ಆಯಿ ಒಮ್ಮೆಯೂ ಹೋಗಲಿಲ್ಲ. ಅಪ್ಪ ಬದುಕಿರುವವರೆಗೆ ಅವನು ಹೋಗಿ ಉಂಡು ಬರುತ್ತಿದ್ದ, ಅವಳು ಮಾತ್ರ ಕಾಗದವನ್ನು ದೇವರ ಮುಂದಿಟ್ಟು ಕೈಮುಗಿಯುತ್ತಿದ್ದಳು, ಅಪ್ಪ ಅಲ್ಲಿನ ಮಾತು ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ನಾನು ಒತ್ತಾಯಿಸಿದರೆ ಒಂದೇ ಮಾತು. “ಕರೀದೇ ಇದ್ದೋರ ಮನೆಗೆ ನಾವು ಎಂತಕೆ ಹೋಗೂದು?” ಈಗ ಅವಳಿಗೆ ಎಪ್ಪತ್ತೆಂಟು. ನನ್ನ ಜೊತೆಗೇ ಇದ್ದಾಳೆ, ಕಸದ ಬಕೆಟ್ಟನ್ನು ನನಗಿಂತ ಮೊದಲು ಗೇಟಿಗೆ ಒಯ್ಯುವವಳೂ ಅವಳೇ. ಆ ಮಾತು ಮಾತ್ರ ಮೆತ್ತಗಾಗಿಲ್ಲ.

ನನಗೆ ತಿಳಿಯಬೇಕಾಗಿದ್ದದ್ದು ಇಷ್ಟೆ. ನನ್ನ ತಲೆಯೊಳಗಿನ ಹಾಡಿನಲ್ಲಿ ನಮ್ಮ ಮನೆಯ ಜಾಗ ಖಾಲಿ ಇರುವುದು ಯಾಕೆ? ನಮ್ಮದೇ ಕೂಗಿನಲ್ಲಿ ನಮ್ಮ ಸಾಲು ಮುಚ್ಚಿಹೋಗಿ ಎಂದೂ ಕಿವಿಗೆ ಬೀಳದ್ದಕ್ಕೋ? ಅಥವಾ ಊರು ನಮ್ಮನ್ನು ಹಾಡಿನಿಂದಲೇ ತೆಗೆದುಹಾಕಿದ್ದಕ್ಕೋ?

ಮೊದಲು ಸಿಕ್ಕವನು ವಸಂತಣ್ಣ, ಎರಡು ಬಾಗಿಲ ಮಾದೇವಣ್ಣನ ಮಗ. ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಆಟೋ ಇಟ್ಟಿದ್ದಾನೆ. ಮನೆಗೆ ಬಿಡು ಎಂದು ಹತ್ತಿ ಕೂತು, ಕರೆಯ ಹಾಡು ನೆನಪಿದೆಯಾ ಎಂದೆ. “ಅದನ್ನ ಮರೀಲಿಕ್ಕಾತದಾ ತಂಗಿ?” ಎಂದವನೇ ಹ್ಯಾಂಡಲ್ಲಿನ ಮೇಲೆ ಬೆರಳು ಬಡಿಯುತ್ತ ಶುರು ಮಾಡಿದ. ನಾಗಮ್ಮನಾದ ಮೇಲೆ ಗಕ್ಕನೆ ನಿಂತು, ಸಣ್ತಮ್ಮನಿಗೆ ಹಾರಿದ. ನಡುವೆ ಒಂದು ಬಿಟ್ಟೆಯಲ್ಲ ಎಂದೆ. ಅವನು ತಲೆ ಕೆರೆದುಕೊಂಡ. “ಅದು ನಮ್ದೇ. ನಮ್ದು ಎಂತ ಇತ್ತೇನೋ, ಯಾವಾಗ್ಲೂ ಅಪ್ಪ ಕೂಗ್ತಿದ್ದ, ಕೇಳ್ಲೇ ಇಲ್ಲ.” ನಾನು ಅವನ ಮನೆಯ ಸಾಲನ್ನು ಹಾಡಿದೆ. ಅವನು ಆಟೋವನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ, ಇನ್ನೊಂದು ಸಲ ಹಾಡು ಎಂದ. ಎರಡನೆಯ ಸಲ ಹಾಡಿದಾಗ ಐವತ್ತು ದಾಟಿದ ಆ ಮನುಷ್ಯ ಬಾಯಿ ತೆರೆದು ನಗುತ್ತ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಆಗ ನನಗೆ ಎದೆ ಹಗುರಾಯಿತು. ಹಾಗಾದರೆ ನಮ್ಮ ಮನೆಯದೂ ಇಷ್ಟೆ, ಕೂಗಿನಲ್ಲಿ ಮುಚ್ಚಿಹೋದದ್ದು. ನಮ್ಮದು ಹೇಳು ನೋಡುವ ಎಂದೆ. ಅವನ ನಗು ನಿಂತಿತು. ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿ ಗಾಡಿ ಶುರು ಮಾಡಿದ. “ನಿಮ್ದು ನಾ ಹೇಳೂದಲ್ಲ ತಂಗಿ. ಗುಲಾಬಕ್ಕನ್ನ ಕೇಳು” ಎಂದನಷ್ಟೆ. ಉಳಿದ ದಾರಿಯುದ್ದಕ್ಕೂ ಅವನು ಸಿಮೆಂಟಿನ ದರದ ಬಗ್ಗೆ ಮಾತಾಡಿದ. ನಾನು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಗುಲಾಬಕ್ಕ ಪುರ್ಸಜ್ಜನ ಮಗಳು. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಅವನ ಕೈಹಿಡಿದು ಕೇರಿಯುದ್ದಕ್ಕೂ ಓಡುತ್ತಿದ್ದವಳು. ಭಾನುವಾರ ಅಂಕೋಲೆ ಬಸ್ಸು ಹತ್ತಿದೆ. ಬಲಕ್ಕೆ ಗೋಡೆ ಶುರುವಾದಾಗ ಸುಮ್ಮನೆ ಪರೀಕ್ಷೆಗೆಂದು ಹಾಡನ್ನು ಬಾಯೊಳಗೇ ಹಾಡಿಕೊಂಡೆ. ಪುರ್ಸಜ್ಜನಿಗೆ ಅರ್ಧ ತಾಸು ಹಿಡಿಯುತ್ತಿದ್ದ ಕೇರಿ ಬಸ್ಸಿಗೆ ಅರ್ಧ ನಿಮಿಷವೂ ಅಲ್ಲ. ನಾನು ಗಣಪಣ್ಣನ ಬಾವಿಕಟ್ಟೆ ತಲುಪುವ ಮೊದಲೇ ನಮ್ಮೂರಿನ ಪಾಲಿನ ಗೋಡೆ ಮುಗಿದು ಬಸ್ಸು ಏರು ಹತ್ತುತ್ತಿತ್ತು. ಉಳಿದ ಮನೆಗಳನ್ನು ರಸ್ತೆಬದಿಯ ಗೇರುಮರಗಳಿಗೆ ಹಾಡಿದೆ.

ಕಾಲನಿಯ ಮನೆಗಳಿಗೆ ನಂಬರು ಇದೆ. ಗುಲಾಬಕ್ಕ ಜಗಲಿಯ ಚಾಪೆಯ ಮೇಲೆ ಕೂತು ಒಣ ಸೀಗಡಿಯ ತಲೆ ಮುರಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ, ಬೆರಳು ಮಾತ್ರ ಯಂತ್ರದಂತೆ ಓಡುತ್ತದೆ. “ಬೀರಮ್ಮಜ್ಜಿ ಮೊಮ್ಮಗಳಲ್ವನೇ? ನಿಂತ್ಕಳೂದು ನೋಡ್ರೇ ಗೊತ್ತಾತು. ಒಂದು ಕಾಲು ಹೊರಗೆ” ಎಂದಳು. ಮುರುಗಲ ಪಾನಕ ಕೊಟ್ಟಳು. ನಾನು ಸುತ್ತಿ ಬಳಸದೆ ಕೇಳಿದೆ. ನಮ್ಮ ಮನೆಯನ್ನು ಹಾಡಿನಿಂದ ತೆಗೆದಿದ್ದಿರಾ?

ಅವಳು ಸೀಗಡಿಯ ಗೆರಸೆಯನ್ನು ಬದಿಗಿಟ್ಟಳು. “ಬಲೆ ನೋಡ್ಕಳೂ ಯಜಮಾನ್ರು ಆ ವರ್ಷ ನಿಮ್ಮನೆ ಕರೀಬೇಡ ಅಂದ್ರು. ಹೌದು, ಅದು ಸುಳ್ಳಲ್ಲ. ನಮ್ಮಪ್ಪ ಕರೀಲಿಲ್ಲ. ಆದ್ರೆ ಡಬ್ಬಿ ಬಾರ್ಸ್ದ ಅಲ್ವಾ? ಬಿಟ್ಟೇಬಿಡೂದಾಗಿದ್ರೆ ಸಣ್ತಮ್ಮನಿಂದ ಸೀದಾ ಗಣಪಣ್ಣನಿಗೆ ಹೋಗ್ತಿದ್ದ. ಯಜಮಾನ್ರು ಕೇಳೂಕೆ ಬಂದ್ರೆ, ನೀವು ಬಾಯಿ ಕಟ್ಟೀರಿ, ಕೈ ಕಟ್ಲಿಲ್ಲ ಅಂದ. ನಿಮ್ಮನೆ ಜಾಗ ನಿಮ್ದೇ ಇಟ್ಟಿದ್ದ.” ಚಾಪೆಯ ಮೇಲೆ ಬಿದ್ದ ಸೀಗಡಿಯ ತಲೆಗಳನ್ನು ಒಟ್ಟುಮಾಡುತ್ತ ಮುಂದುವರಿಸಿದಳು. “ಮುಂದಿನ ವರ್ಷ ಯಜಮಾನ್ರಿಗೂ ಸಿಟ್ಟಿಳೀತು, ಕರಿ ಅಂದ್ರು. ನೀವೆಲ್ಲಿದ್ರಿ? ಬಾಗ್ಲಿಗೆ ಬೀಗ. ನಮ್ಮಪ್ಪ ಆ ಬೀಗದೆದ್ರಿಗೇ ನಿಂತು ಹಾಡ್ದ. ಎರಡು ವರ್ಷ, ಬಲೆ ಬಿಟ್ಟಾಗೆಲ್ಲ. ಓ ಅನ್ನೂರು ಯಾರೂ ಇಲ್ಲ, ಹಂಗಾಗಿ ಪೂರ್ತಿ ಹಾಡ್ತಿದ್ದ. ಹಾಡಿ ಒಂದು ಗಳಿಗೆ ನಿಂತು ಕೇಳ್ತಿದ್ದ. ಆಮೇಲೆ ರಂಪಣಿಯೇ ನಿಂತ್ಹೋತು. ಕೇರೀಲಿ ಯಾರಿಗೂ ಅವರವರ ಸಾಲು ಗೊತ್ತಿಲ್ಲ, ನಿಮ್ಮನೇದು ಮಾತ್ರ ಎಲ್ರಿಗೂ ಬಾಯಿಪಾಠ.” ಸಾಲು ಗೊತ್ತಿದ್ದೂ ಬೀಗದ ಕಥೆ ಹೇಳಲು ಬಾಯಿ ಬರದೆ ವಸಂತಣ್ಣ ಸಿಮೆಂಟಿನ ದರ ಹೇಳಿದನೆಂದು ಆಗ ನನಗೆ ಅರ್ಥವಾಯಿತು.

ಸಣ್ಣ ಮನೆ, ಮಡಲಿನ ಮಾಡು, ಅಗಳಿ ಬಿದ್ದ ಬಾಗಿಲು, ಅದರ ಮೇಲೆ ಬೀಗ. ಅದರ ಎದುರು ಮಂಜುಗಣ್ಣಿನ ಮುದುಕ ಡಬ್ಬಿ ಹಿಡಿದು ಕಿವಿಗೊಟ್ಟು ನಿಂತದ್ದು. ನಾವು ಆಗ ಕಾರವಾರದ ಬಾಡಿಗೆಮನೆಯಲ್ಲಿ ಕೂತು, ನಮ್ಮನ್ನು ಕರೆಯಲಿಲ್ಲ ಎಂದು ಊರನ್ನು ಬೈಯುತ್ತಿದ್ದೆವು. ನನಗೆ ದುಃಖಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಕೊನೆಗೆ, ಆ ಸಾಲು ಹಾಡು ಗುಲಾಬಕ್ಕ ಎಂದೆ.

“ನಿಂಗೊಬ್ಳಿಗೇ ಹಾಡೂದಾ? ಅದು ಮನೆ ಕರೆಯೂದು. ಮನೇಲಿ ದೊಡ್ಡೋರು ಯಾರಿದ್ದಾರೆ?”

ಆಯಿ ಇದ್ದಾಳೆ, ಬರುವುದಿಲ್ಲ ಎಂದೆ.

“ಫೋನು ಇಲ್ವೇನೇ ನಿನ್ಹತ್ರ?”

ಆಯಿಗೆ ಫೋನು ಮಾಡಿ, ಸ್ಪೀಕರು ಹಾಕಿ ಚಾಪೆಯ ಮೇಲೆ ಇಟ್ಟೆ. ಗುಲಾಬಕ್ಕ ಮೊಣಕಾಲಿನ ಮೇಲೆ ಬಗ್ಗಿ, ಕೂಗಿದರೇ ಕಾರವಾರಕ್ಕೆ ಕೇಳಿಸುವುದು ಎಂಬಂತೆ ಮಾತಾಡಿದಳು. ನನಗೆ ಹೇಳಿದ್ದನ್ನೇ ಹೇಳಿದಳು, ಇನ್ನೂ ಚುಟುಕಾಗಿ. ಡಬ್ಬಿಯ ವಿಷಯ, ಬೀಗದ ವಿಷಯ, ಎರಡು ವರ್ಷದ ವಿಷಯ. ಆ ಕಡೆಯಿಂದ ಪಾತ್ರೆಯ ಸದ್ದೊಂದು ಕೇಳುತ್ತಿತ್ತು, ಅದೂ ನಿಂತಿತು. ಲೈನು ಕಟ್ಟಾಯಿತೋ ಎಂದು ನಾನು ಪರದೆಯನ್ನು ನೋಡಿದೆ. ಕಟ್ಟಾಗಿರಲಿಲ್ಲ.

ಗುಲಾಬಕ್ಕ ಮುರುಗಲ ಪಾನಕದ ಸ್ಟೀಲಿನ ಲೋಟವನ್ನು ಬೋರಲು ಹಾಕಿ ಬೆರಳಗಂಟಿನಿಂದ ನಾಲ್ಕು ಪೆಟ್ಟು ಹೊಡೆದಳು. ಹಲಸಿನಡಿಯ ನಾಗಮ್ಮ. ದನಿ ಒಡೆದಿದ್ದರೂ ತಾಳ ಅಪ್ಪನದೇ. ಎರಡು ಬಾಗ್ಲ ಮಾದೇವ. ಪಕ್ಕದ ನಂಬರಿನ ಮನೆಯಿಂದ ಒಬ್ಬ ಹೆಂಗಸು ಹೊರಗೆ ಬಂದು ನಿಂತಳು. ಕುಂಟು ನಾಯಿ ಸಣ್ತಮ್ಮ, ನಾಯಿ ಬಿಟ್ಟು ಬಾ. ನಾಲ್ಕು ಪೆಟ್ಟು. ನಾನು ಫೋನಿನ ಕಡೆಗೆ ಬಗ್ಗಿದೆ.

*ಕವಳದ ಬಾಯಿ ಬೀರಮ್ಮ—*

“ಬಂದ್ವೋ!”

ಫೋನಿನೊಳಗಿಂದ ಆಯಿ, ಇಲ್ಲಿ ಚಾಪೆಯ ಮೇಲಿಂದ ನಾನು. ಕೂಗಬೇಕೆಂದು ನಾನು ಅಂದುಕೊಂಡಿರಲಿಲ್ಲ. ಗಂಟಲೇ ಎದ್ದು ಹೋಯಿತು. ಗುಲಾಬಕ್ಕನ ತುಟಿ ಮುಂದೆಯೂ ಅಲ್ಲಾಡಿದ್ದನ್ನು ಕಂಡೆ, ಅವಳು ಸಾಲನ್ನು ಮುಗಿಸಿಯೇ ಮುಗಿಸಿದಳು, ಆದರೆ ನಮ್ಮಿಬ್ಬರ ಕೂಗಿನ ಕೆಳಗೆ ಅದು ನನಗೆ ಕೇಳಿಸಲಿಲ್ಲ. ಅವಳು ನಿಲ್ಲಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿದ್ದರೂ ಲೋಟ ಬಡಿಯುತ್ತ ಬಾವಿಕಟ್ಟೆ ಗಣಪಣ್ಣನ ಮನೆಗೆ ಹೋದಳು, ಅಲ್ಲಿಂದ ಕೇರಿಯ ದಕ್ಷಿಣದ ತುದಿಯವರೆಗೆ ಇಪ್ಪತ್ತೂ ಮನೆ ಮುಗಿಸಿದಳು. ಮುಗಿದ ಮೇಲೆ ಫೋನಿನಲ್ಲಿ ಆಯಿಯ ದನಿ ಬಂತು. “ಗುಲಾಬೀ, ಮುಂದಿನ ಭಾನುವಾರ ಮನೇಲೇ ಇರ್ತ್ಯೇನೆ?”

ಇನ್ನೊಮ್ಮೆ ಹಾಡು ಎಂದು ನಾನು ಕೇಳಲಿಲ್ಲ. ಕವಳ ತುಂಬಿದ ಬಾಯಿಯ ಮುದುಕಿಗೆ ಪುರ್ಸಜ್ಜ ಏನು ಮಾಡಿ ಬಾ ಎಂದಿರಬಹುದೆಂದು ಊಹಿಸುವುದು ಕಷ್ಟವೇನಲ್ಲ. ಆದರೆ ಆ ಸಾಲು ಪೂರ್ತಿ ಕೇಳಿಸಿದ್ದು ಬೀಗ ಹಾಕಿದ ಮನೆಗೆ ಮಾತ್ರ. ಈಗಲೂ ಬೆಳಿಗ್ಗೆ ಕಸದ ಗಾಡಿ ಹೋದ ಮೇಲೆ ಹಾಡು ನನ್ನ ತಲೆಯಲ್ಲಿ ಏಳುತ್ತದೆ, ದೀಪಾ ಹೇಳಿದಂತೆ ಹೋಗಲಿಲ್ಲ. ನಾಗಮ್ಮ, ಮಾದೇವಣ್ಣ, ಸಣ್ತಮ್ಮ, ನಾಲ್ಕು ಪೆಟ್ಟು, ಅಜ್ಜಿಯ ಹೆಸರು. ಅದರ ಮೇಲೆ ಆಯಿಯ ಕೂಗು.

ಆಮೇಲೆ ಅದು ಮುಂದಿನ ಮನೆಗೆ ಹೋಗುತ್ತದೆ.